ಒಂದು ಸ್ಕೂಟರು, ಮೂರು ಕೋರ್ಟು: ಹೈಸ್ಕೂಲ್ ಮಕ್ಕಳಿಗೆ ಕಾನೂನು ಹೇಳೋದು ಹೇಗೆ?

ಹೈಸ್ಕೂಲಲ್ಲಿ ಕಾನೂನು ಅರಿವು ಕಾರ್ಯಕ್ರಮ ಅಂದ್ರೆ ಹೇಗಿರ್ತದೆ ಅಂತ ನಿಮಗೆ ಗೊತ್ತೇ ಉಂಟು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು ಹಾಕಿ ಉದ್ಘಾಟನೆ, ಆಮೇಲೆ ನಮ್ಮಂಥ ಒಬ್ಬ ವಕೀಲರು ಮೈಕ್ ಹಿಡಿದು ಪೋಕ್ಸೋದಲ್ಲಿ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ) ಇಷ್ಟು ವರ್ಷ, ಗಾಂಜಾ ಸಿಕ್ಕಿದ್ರೆ ಇಷ್ಟು ವರ್ಷ, ಹೆಲ್ಮೆಟ್ ಇಲ್ಲದಿದ್ರೆ ಇಷ್ಟು ದಂಡ ಅಂತ ಹೋಟೆಲಿನ ರೇಟ್ ಬೋರ್ಡ್ ಓದಿದ ಹಾಗೆ ಓದೋದು, ಮಕ್ಕಳು ಆಕಳಿಸೋದು, ಟೀಚರ್ ಹಿಂದಿನಿಂದ ಕಣ್ಣು ಬಿಡೋದು, ವಂದನಾರ್ಪಣೆ, ಮುಗೀತು. ಉಡುಪಿ ಸುತ್ತಮುತ್ತಲಿನ ಶಾಲೆಗಳಿಗೆ ಹೋಗಿ ಬಂದು ಮಾಡುವ ನನಗೆ ಅನಿಸಿದ್ದು ಇಷ್ಟೇ, ಶಿಕ್ಷೆಯ ಪಟ್ಟಿ ಮಕ್ಕಳಿಗೆ ಗೂಗಲಲ್ಲೂ ಸಿಗ್ತದೆ. ಸಿಗದೇ ಇರೋದು ಒಂದು ವಿಷಯ ನಿಜವಾ ಸುಳ್ಳಾ ಅಂತ ಕೋರ್ಟು ತೀರ್ಮಾನ ಮಾಡೋದು ಹೇಗೆ ಅನ್ನೋದು. ಸುಪ್ರೀಂ ಕೋರ್ಟಲ್ಲಿ ಎಷ್ಟು ಜಡ್ಜು ಅನ್ನೋದೆಲ್ಲ ಸಮಾಜ ವಿಜ್ಞಾನದ ಪರೀಕ್ಷೆಗೆ ಸಾಕು.

ಹಾಗಾಗಿ ನಾನು ಈಗ ಭಾಷಣ ಮಾಡೋದಿಲ್ಲ, ಒಂದು ಸ್ಕೂಟರ್ ತಗೊಂಡು ಹೋಗ್ತೇನೆ, ಅಂದ್ರೆ ಬೋರ್ಡಲ್ಲಿ ಬರೆದದ್ದು. ಸಂತೆಕಟ್ಟೆ ಹತ್ರ ಸರ್ವಿಸ್ ರೋಡಲ್ಲಿ 19 ವರ್ಷದ ಹುಡುಗ ಅಮ್ಮನ ಸ್ಕೂಟರಲ್ಲಿ ಬರ್ತಾ ಇದ್ದಾನೆ, ಲೈಸೆನ್ಸ್ ಉಂಟು, ರಸ್ತೆ ದಾಟ್ತಿದ್ದ ಒಬ್ಬರು ಅಜ್ಜನಿಗೆ ತಾಗಿ ಅವರ ಕಾಲಿನ ಮೂಳೆ ಮುರಿದಿದೆ. ಇಷ್ಟೇ ಕಥೆ. ಒಂಬತ್ತನೇ ಕ್ಲಾಸಿನವರಲ್ಲಿ ಮೂವರು ಸಾಕ್ಷಿ, ಒಬ್ಬ ಸರಕಾರಿ ವಕೀಲ, ಒಬ್ಬಳು ಹುಡುಗನ ಪರ ವಕೀಲೆ, ಒಬ್ಬಳು ಮ್ಯಾಜಿಸ್ಟ್ರೇಟ್. ಸಾಕ್ಷಿಗಳಿಗೆ ಮಾತ್ರ ಒಂದೊಂದು ಚೀಟಿ ಕೊಡ್ತೇನೆ, ಅವರು ಎಲ್ಲಿ ನಿಂತಿದ್ರು, ಎಂತ ನೋಡಿದ್ರು ಅಂತ. ಉಳಿದವರಿಗೆ ಅದು ಗೊತ್ತಿರೋದಿಲ್ಲ, ಪ್ರಶ್ನೆ ಕೇಳಿಯೇ ಹೊರಗೆ ತೆಗೀಬೇಕು.

ಮೊದಲನೇ ಸಾಕ್ಷಿ ರಿಕ್ಷಾ ಪಾರ್ಕಿನವ. ಸರಕಾರಿ ವಕೀಲ ಆದ ಹುಡುಗ ಕೇಳಿದ್ದಕ್ಕೆಲ್ಲ ಹೌದು ಹೌದು, ಸ್ಕೂಟರಿನವನೇ ಗುದ್ದಿದ್ದು ಅಂತ ಹೇಳಿ ಆಯ್ತು. ಕ್ಲಾಸಿಗೆ ಕ್ಲಾಸೇ ತೀರ್ಪು ಕೊಟ್ಟು ಕೂತಿದೆ. ಆಗ ಪಾಟೀಸವಾಲಿಗೆ, ಅಂದ್ರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನೆ ಮಾಡಲಿಕ್ಕೆ, ಎದ್ದ ಹುಡುಗಿ ಕೇಳಿದ್ಳು, ನೀವು ಆಗ ಎಂತ ಮಾಡ್ತಾ ಇದ್ರಿ? ರಿಕ್ಷಾದ ಹಿಂದಿನ ಗ್ಲಾಸ್ ಒರಸ್ತಾ ಇದ್ದೆ. ರಸ್ತೆ ಕಡೆ ಮುಖ ಉಂಟಾ ಬೆನ್ನಾ? ಬೆನ್ನು. ಮತ್ತೆ ಹೇಗೆ ನೋಡಿದ್ರಿ? ಢಬ್ ಅಂತ ಶಬ್ದ ಆಯ್ತು, ತಿರುಗಿ ನೋಡಿದೆ, ಅಜ್ಜ ಬಿದ್ದಿದ್ರು. ಹಾಗಾದ್ರೆ ಗುದ್ದಿದ್ದು ನೀವು ನೋಡ್ಲಿಲ್ಲ? ಹುಡುಗ ಚೀಟಿ ನೋಡ್ತಾನೆ, ನನ್ನ ಮುಖ ನೋಡ್ತಾನೆ, ಇಲ್ಲ ಅಂತಾನೆ. ಇದನ್ನು ನಾನು ಒಂದು ಗಂಟೆ ಭಾಷಣ ಮಾಡಿದ್ರೂ ಹೇಳಲಿಕ್ಕೆ ಆಗೋದಿಲ್ಲ ಮಾರಾಯ್ರೆ. ಎರಡನೇ ಸಾಕ್ಷಿ ಗೂಡಂಗಡಿಯ ಅಕ್ಕ, ಸ್ಕೂಟರ್ ಫಾಸ್ಟಾಗಿ ಬರ್ತಿತ್ತು ಅಂತ ಅವಳ ಮಾತು. ಎಷ್ಟು ಫಾಸ್ಟು? ಅದು ಗೊತ್ತಿಲ್ಲ, ಫಾಸ್ಟು. ಇಲ್ಲಿ ನಾನು ನಮ್ಮ ಕರ್ನಾಟಕದ್ದೇ ಒಂದು ಕೇಸ್ ಹೇಳ್ತೇನೆ, ಕರ್ನಾಟಕ ಸರಕಾರ ಮತ್ತು ಸತೀಶ್ ಅಂತ, 1998ರದ್ದು. ಅದರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಗಾಡಿ ಜೋರಾಗಿ ಬರ್ತಿತ್ತು ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಅಂತ ಆಗೋದಿಲ್ಲ, ಜೋರು ಅಂದ್ರೆ ಎಷ್ಟು ಅಂತ ಸಾಕ್ಷಿ ಬೇಕು ಅಂತ. ಮೂರನೆಯವನಿಗೆ ಎಲ್ಲ ಗೊತ್ತು, ಯಾಕಂದ್ರೆ ಅವನಿಗೆ ಆಂಬುಲೆನ್ಸಿನವ ಹೇಳಿದ್ದು. ಬೇರೆಯವರಿಂದ ಕೇಳಿದ್ದು ಸಾಮಾನ್ಯವಾಗಿ ಸಾಕ್ಷಿ ಆಗೋದಿಲ್ಲ ಅಂತ ಹೇಳುವಾಗ ಹಿಂದಿನ ಬೆಂಚಿಂದ ಯಾರಾದ್ರೂ ಕೇಳಿಯೇ ಕೇಳ್ತಾರೆ, ಸಿಸಿಟಿವಿ ಉಂಟಲ್ಲ ಮೇಡಂ? ಉಂಟು, ಆದ್ರೆ ಆ ಕ್ಲಿಪ್ ಯಾರ ಮೆಷಿನ್ನಿಂದ ಹೇಗೆ ತೆಗೆದದ್ದು ಅಂತ ಸರ್ಟಿಫಿಕೇಟ್ ಬೇಕು, 2024 ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೇ ಕಲಂ. ವಾಟ್ಸಾಪಲ್ಲಿ ಬಂದ ವಿಡಿಯೋ ಹಾಗೇ ತಂದು ಜಡ್ಜಿಗೆ ತೋರಿಸಿದ್ರೆ ನಡೆಯೋದಿಲ್ಲ.

ನಮ್ಮ ಮ್ಯಾಜಿಸ್ಟ್ರೇಟ್ ಹುಡುಗಿ ತಪ್ಪು ಸಂಶಯ ಇಲ್ಲದ ಹಾಗೆ ಪ್ರೂವ್ ಆಗ್ಲಿಲ್ಲ ಅಂತ ಸಂಶಯದ ಲಾಭ ಹುಡುಗನಿಗೆ ಕೊಟ್ಟು ಬಿಡುಗಡೆ ಮಾಡಿದ ಮೇಲೆ ಗಲಾಟೆ ಶುರು, ಹಾಗಾದ್ರೆ ಅಜ್ಜನ ಆಸ್ಪತ್ರೆ ಬಿಲ್ಲು? ಅದಕ್ಕೆ ಬೇರೆ ಕೋರ್ಟು ಉಂಟು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ನಾವು ಎಂಎಸಿಟಿ ಅಂತ ಹೇಳೋದು. ಅಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದ ಹಾಗೆ ಪ್ರೂವ್ ಮಾಡ್ಬೇಕಂತಿಲ್ಲ, ಯಾವ ಕಡೆ ತೂಕ ಜಾಸ್ತಿ ಅಂತ ನೋಡ್ತಾರೆ, ಹಾಗಾಗಿ ಕ್ರಿಮಿನಲ್ ಕೇಸಲ್ಲಿ ಬಿಡುಗಡೆ ಆದವನ ವಿರುದ್ಧವೇ ಪರಿಹಾರದ ಆದೇಶ ಆಗಬಹುದು, ಇನ್ಶೂರೆನ್ಸ್ ಕಂಪೆನಿ ಕೊಡಬೇಕಾಗ್ತದೆ. ಒಂದೇ ಆಕ್ಸಿಡೆಂಟಿಗೆ ಎರಡು ಥರ ತೀರ್ಪಾ ಅಂತ ಟೀಚರ್‌ಗಳೂ ಕೇಳ್ತಾರೆ. ಹೌದು, ಒಂದರಲ್ಲಿ ಒಬ್ಬನನ್ನು ಜೈಲಿಗೆ ಹಾಕೋದಾ ಅಂತ ಪ್ರಶ್ನೆ, ಇನ್ನೊಂದರಲ್ಲಿ ದುಡ್ಡು ಯಾರು ಕೊಡೋದು ಅಂತ. ಮನೆಯಲ್ಲಿ ಜಾಗದ ಕೇಸು ನಡೀತಾ ಇರುವ ಮಕ್ಕಳಿಗೆ (ನಮ್ಮ ಕಡೆ ಪಾಲುಪಟ್ಟಿ ಜಗಳ ಇಲ್ಲದ ಮನೆ ಹುಡುಕಬೇಕು) ಸಿವಿಲ್ಲು ಕ್ರಿಮಿನಲ್ಲು ವ್ಯತ್ಯಾಸ ಬೇಗ ತಲೆಗೆ ಹೋಗ್ತದೆ.

ಇನ್ನು ನಿಜವಾದ ಆಟ. ಬೋರ್ಡಲ್ಲಿ 19 ಅಳಿಸಿ 15 ಬರೀತೇನೆ. ಕ್ಲಾಸು ಗಪ್‌ಚಿಪ್, ಯಾಕಂದ್ರೆ ಟ್ಯೂಷನಿಗೆ ಅಪ್ಪನ ಆಕ್ಟಿವಾದಲ್ಲಿ ಹೋಗುವವರು ಅಲ್ಲೇ ಕೂತಿರ್ತಾರೆ. ಈಗ ಹುಡುಗನ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗೋದಿಲ್ಲ, ಬಾಲನ್ಯಾಯ ಮಂಡಳಿಗೆ ಹೋಗ್ತದೆ, ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದ್ರೂ ಹೆಂಗಸು ಇರಬೇಕು. ಅವನನ್ನು ಲಾಕಪ್ಪಲ್ಲಿ ಹಾಕುವ ಹಾಗಿಲ್ಲ. ಪುಣೆಯ ಪೋರ್ಶೆ ಕೇಸು ಎಲ್ಲರಿಗೂ ಗೊತ್ತುಂಟು, ಮೇ 2024ರದ್ದು, 17 ವರ್ಷದ ಹುಡುಗ ಓಡಿಸ್ತಿದ್ದ ಕಾರು ಗುದ್ದಿ ಇಬ್ಬರು ಸತ್ತದ್ದು, 300 ಪದದ ಪ್ರಬಂಧ ಬರೆದ್ರೆ ಬಿಟ್ಟುಬಿಡ್ತಾರಂತೆ ಅಲ್ವಾ ಮೇಡಂ ಅಂತ ನಗ್ತಾರೆ. ಪ್ರಬಂಧ ಶಿಕ್ಷೆ ಅಲ್ಲ ಮಕ್ಕಳೇ, ಜಾಮೀನಿನ ಒಂದು ಷರತ್ತು, ಆಮೇಲೆ ಅದೇ ಮಂಡಳಿ ಅವನನ್ನು ವೀಕ್ಷಣಾಲಯಕ್ಕೆ (ಕೇಸು ನಡೆಯುವಾಗ ಇಂಥ ಮಕ್ಕಳನ್ನು ಇಡುವ ಜಾಗ) ಕಳಿಸ್ತು, ಹಾಗೆ ಕಳಿಸಿದ್ದು ಸರಿಯಲ್ಲ ಅಂತ ಬಾಂಬೆ ಹೈಕೋರ್ಟು ಬಿಡಿಸ್ತು ಅಂತ ಹೇಳಿದ್ರೆ ನಗು ನಿಲ್ತದೆ, ಪ್ರಶ್ನೆ ಶುರು ಆಗ್ತದೆ.

ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಈಗ ಬರಬೇಕಾದವರು ಯಾರು? ಅಮ್ಮ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕಾರ ಪೋಷಕರು ಅಥವಾ ಗಾಡಿಯ ಓನರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಇಲ್ಲ. ಆದ್ರೆ ನಾನು ಒತ್ತಿ ಹೇಳೋದು ಶಿಕ್ಷೆ ಅಲ್ಲ, ಅದರ ಒಳಗಿನ ಇನ್ನೊಂದು ವಿಷಯ. ಸಾಮಾನ್ಯವಾಗಿ ಬೇರೆ ಕೇಸಲ್ಲಿ ತಪ್ಪು ಮಾಡಿದ್ದು ಅಂತ ಪೊಲೀಸರು ಪ್ರೂವ್ ಮಾಡ್ಬೇಕು, ಇಲ್ಲಿ ಅಮ್ಮ ಒಪ್ಪಿಯೇ ಗಾಡಿ ಕೊಟ್ಟದ್ದು ಅಂತ ಕೋರ್ಟು ಮೊದಲೇ ಅಂದುಕೊಳ್ತದೆ, ನನಗೆ ಗೊತ್ತೇ ಇರ್ಲಿಲ್ಲ ಅಥವಾ ಕೊಡಬಾರದು ಅಂತ ಜಾಗ್ರತೆ ಮಾಡಿದ್ದೆ ಅಂತ ಅಮ್ಮನೇ ಪ್ರೂವ್ ಮಾಡ್ಬೇಕು. ಬೀಗದ ಕೈ ಯಾವತ್ತೂ ಗೋಡೆಯ ಮೊಳೆಯಲ್ಲೇ ನೇತಾಡ್ತಾ ಇರ್ತದೆ ಅಂದ್ರೆ ಹೇಗೆ ಪ್ರೂವ್ ಮಾಡೋದು? ಅಮ್ಮನ ಪರ ವಾದ ಮಾಡಿ ಅಂತ ಹೇಳಿ ನೋಡಿ, ಅಷ್ಟರವರೆಗೆ ತಮಾಷೆ ಮಾಡ್ತಿದ್ದ ಹುಡುಗರೂ ಬೆವರ್ತಾರೆ. ಇನ್ಶೂರೆನ್ಸ್ ಕಂಪೆನಿ ಅಜ್ಜನಿಗೆ ಕೊಟ್ಟ ದುಡ್ಡನ್ನು ಇಂಥ ಕೇಸಲ್ಲಿ ಓನರಿಂದ ವಸೂಲು ಮಾಡಲಿಕ್ಕೆ ಬರ್ತದೆ ಅನ್ನೋದು ಬೇರೆ.

ತಪ್ಪು ಮಾಡಿದವನ ಪರ ಯಾಕೆ ವಾದ ಮಾಡ್ತೀರಿ ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೆ ನಾನು ಈಗ ಉತ್ತರವೇ ಕೊಡೋದಿಲ್ಲ, ಪಾಟೀಸವಾಲು ಮಾಡಿದ ಹುಡುಗಿ ಕಡೆ ಕೈ ತೋರಿಸ್ತೇನೆ. ಅವಳು ಕೇಳದೇ ಇದ್ರೆ ಬೆನ್ನು ಹಾಕಿ ನಿಂತವನೂ ಕಣ್ಣಾರೆ ಕಂಡ ಸಾಕ್ಷಿ ಆಗಿಬಿಡ್ತಿದ್ದ.

ಇಷ್ಟಾದ ಮೇಲೆ ಕೋರ್ಟಿಗೆ ಕರ್ಕೊಂಡು ಬನ್ನಿ, ಮೊದಲೇ ಬೇಡ. ಕೋರ್ಟು ಯಾರು ಬೇಕಾದ್ರೂ ಬಂದು ಕೂತು ನೋಡುವಂಥ ಜಾಗ, ಪೋಕ್ಸೋದಂಥ ಕೆಲವು ಕೇಸು ಬಿಟ್ಟು. ಹೆಡ್‌ಮಾಸ್ಟ್ರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದ್ರೆ ವ್ಯವಸ್ಥೆ ಸುಲಭ ಆಗ್ತದೆ. ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡೋದೂ ಅದೇ ಪ್ರಾಧಿಕಾರ, ಮನೆಯ ಆದಾಯ ಎಷ್ಟೇ ಇರಲಿ, 15100ಕ್ಕೆ ಫೋನ್ ಮಾಡಿದ್ರೂ ಆಗ್ತದೆ, ಇದನ್ನು ಬೋರ್ಡಲ್ಲಿ ಬರೆದೇ ಬರ್ತೇನೆ. ಬಂದ ಮಕ್ಕಳಿಗೆ ಮೊದಲಿಗೆ ಸಪ್ಪೆ ಅನಿಸ್ತದೆ, ಸುತ್ತಿಗೆ ಇಲ್ಲ, ಆರ್ಡರ್ ಆರ್ಡರ್ ಇಲ್ಲ, ಗೀತೆ ಮುಟ್ಟಿ ಪ್ರಮಾಣ ಇಲ್ಲ, ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗ್ತಾನೆ, ವಕೀಲರು ಮೆಲ್ಲ ಎಂತದೋ ಹೇಳ್ತಾರೆ, ವಾಯಿದೆ (ಇನ್ನೊಂದು ದಿನಕ್ಕೆ ಮುಂದೂಡಿದ್ದು), ಮುಂದಿನ ಕೇಸು. ಅದಕ್ಕೇ ದಿನ ನೋಡಿ ಬರಬೇಕು. ಸಾಕ್ಷಿ ವಿಚಾರಣೆಗೆ ಇಟ್ಟ ಕೇಸು ಯಾವ ಕೋರ್ಟ್ ಹಾಲಲ್ಲಿ ಉಂಟು ಅಂತ ಹಿಂದಿನ ದಿನ ಒಬ್ಬರು ವಕೀಲರ ಹತ್ರ ಕೇಳಿಟ್ಟುಕೊಳ್ಳಿ, ಹದಿನೈದಿಪ್ಪತ್ತು ಮಕ್ಕಳಿಗಿಂತ ಜಾಸ್ತಿ ತರಬೇಡಿ, ಫೋನು ಹೊರಗೆ. ಕೆಲವರು ಲೋಕ ಅದಾಲತ್ ದಿನವೇ ಕರ್ಕೊಂಡು ಬರ್ತಾರೆ, ಗೌಜಿ ಇರ್ತದೆ, ಫೋಟೋ ಚಂದ ಬರ್ತದೆ, ಆದ್ರೆ ಅಲ್ಲಿ ನಡೆಯೋದು ರಾಜಿ, ಒಬ್ಬ ಸಾಕ್ಷಿಯೂ ಕಟಕಟೆ ಹತ್ತೋದಿಲ್ಲ. ಅದಕ್ಕೆ ಎರಡನೇ ಸಲ ಬನ್ನಿ.