ಪಟ್ಟಿ ಯಾರ ಕೈಯಲ್ಲಿ? ಠಾಣೆಯ ರಿಜಿಸ್ಟರ್‌ನಿಂದ ಅರ್ಜಿಯ ಕಾಲಂವರೆಗೆ

2011ರಲ್ಲಿ ಒಂದೇ ಸಮುದಾಯದ, ಅಂದರೆ ಹಿಜಡಾ ಮತ್ತಿತರ ಟ್ರಾನ್ಸ್‌ಜೆಂಡರ್ ಜನರ, ಹೆಸರು ಬರೆದುಕೊಳ್ಳಲು ಎರಡು ಕಡೆಯಿಂದ ಸಿದ್ಧತೆ ನಡೆಯಿತು. ಆ ವರ್ಷದ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಪಕ್ಕದಲ್ಲಿ ‘ಇತರೆ’ ಎಂಬ ಮೂರನೇ ಆಯ್ಕೆ ಬಂತು. ಕರ್ನಾಟಕದಲ್ಲಿ 20,266 ಮಂದಿ ಅದರಡಿ ದಾಖಲಾದರು. ಮನೆಯ ಯಜಮಾನನ ಬಾಯಿಂದ ವಿವರ ಕೇಳಿ ಬರೆದುಕೊಳ್ಳುವ ಗಣತಿಯಲ್ಲಿ ಮನೆ ಬಿಟ್ಟವರೂ ಮನೆಯಲ್ಲಿ ಮುಚ್ಚಿಟ್ಟವರೂ ಎಷ್ಟರಮಟ್ಟಿಗೆ ಲೆಕ್ಕಕ್ಕೆ ಸಿಕ್ಕಾರು? ಆ ಪ್ರಶ್ನೆ ಹಾಗಿರಲಿ. ಅದೇ ವರ್ಷ ರಾಜ್ಯದ ವಿಧಾನಮಂಡಲ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿಸಿತು. ಅದೂ ಇವರ ಪಟ್ಟಿ ಮಾಡಲೆಂದೇ ಹುಟ್ಟಿದ್ದು.

36ಎ ಪೊಲೀಸ್ ಕಮಿಷನರಿಗೆ ಕೊಟ್ಟ ಅಧಿಕಾರ ಇಷ್ಟು: ತನ್ನ ವ್ಯಾಪ್ತಿಯಲ್ಲಿರುವ ‘ಯೂನಕ್’ಗಳ (ಹಿಜಡಾಗಳಿಗೆ ಕಾನೂನು ಬಳಸಿದ ಹಳೆಯ ಇಂಗ್ಲಿಷ್ ಪದ) ಪೈಕಿ ಹುಡುಗರನ್ನು ಅಪಹರಿಸುವ, ಅಂಗಚ್ಛೇದ ಮಾಡುವ, ‘ಅನೈಸರ್ಗಿಕ ಅಪರಾಧ’ ಎಸಗುವ ಅಥವಾ ಬೇರಾವುದೇ ಅಪರಾಧ ಮಾಡುವ ಅನುಮಾನ ಇರುವವರ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು. ಹೆಸರು ಸೇರಿದವರು ಇಂಥಿಂಥ ಚಟುವಟಿಕೆ ಮಾಡಕೂಡದು ಎಂದು ಆದೇಶ ಹೊರಡಿಸಬಹುದು. ತಕರಾರು ಇದ್ದವರು ಆಕ್ಷೇಪಣೆ ಸಲ್ಲಿಸಬಹುದು.

ಓದಲು ಸಾಮಾನ್ಯ ಆಡಳಿತಾತ್ಮಕ ನಿಯಮದಂತೆ ಕಾಣುತ್ತದೆ. ತೊಡಕು ಪದಗಳೊಳಗೆ ಅಡಗಿದೆ. ಪಟ್ಟಿಗೆ ಸೇರಿಸಲು ಶಿಕ್ಷೆಯಾಗಿರಬೇಕಿಲ್ಲ, ಎಫ್‌ಐಆರ್ ಕೂಡ ಬೇಡ, ಅನುಮಾನ ಸಾಕು. ತಡೆಯಬೇಕಾದದ್ದು ‘ಅನಪೇಕ್ಷಿತ ಚಟುವಟಿಕೆ’. ಅದೇನೆಂಬ ವಿವರಣೆ ಇಲ್ಲ. ಹಾಗಾದರೆ ಸಿಗ್ನಲ್‌ನಲ್ಲಿ ಕೈ ಚಾಚುವುದೂ ಅದೇ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದೂ ಅದೇ. ಇನ್ನು ಆಕ್ಷೇಪಣೆ ಸಲ್ಲಿಸಬೇಕಾದರೆ ತನ್ನ ಹೆಸರು ಪಟ್ಟಿಯಲ್ಲಿದೆ ಎಂದು ಮೊದಲು ಗೊತ್ತಾಗಬೇಕಲ್ಲ!

ಈ ಭಾಷೆ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗದಲ್ಲಿ ಇದೇ ರಿಜಿಸ್ಟರ್, ಇದೇ ಅಪಹರಣ, ಇದೇ ‘ಅನುಮಾನ’ ಇದ್ದವು. ರಿಜಿಸ್ಟರ್‌ನಲ್ಲಿ ಹೆಸರಿದ್ದವರು ಬೀದಿಯಲ್ಲಿ ಹೆಣ್ಣುಡುಗೆ ಉಟ್ಟು ಕಾಣಿಸಿಕೊಂಡರೆ, ಕುಣಿದರೆ ಎರಡು ವರ್ಷದವರೆಗೆ ಜೈಲು. ಅವರು ಉಯಿಲು ಬರೆಯುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಗುರುವಿನ ಆಸ್ತಿ ಚೇಲಾಗೆ, ಅಂದರೆ ಶಿಷ್ಯರಿಗೆ, ಸಾಗುವ ಹಿಜಡಾ ಮನೆತನದ ಬುಡಕ್ಕೇ ಇದು ಕೊಡಲಿಯಾಯಿತು. ನಿಜಾಮರ ಹೈದರಾಬಾದ್ ಸಂಸ್ಥಾನವೂ 1919ರಲ್ಲಿ ತನ್ನದೇ ಇಂಥ ಕಾಯ್ದೆ ಮಾಡಿಕೊಂಡಿತು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದೊಳಗೇ ಇದ್ದವು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದುಮಾಡಿದ್ದು 2023ರಲ್ಲಿ. 1871ಕ್ಕೂ 2011ಕ್ಕೂ ನಡುವೆ ಸರಿಯಾಗಿ 140 ವರ್ಷ. ಕರಡು ಬರೆದವರ ಮೇಜಿನ ಮೇಲೆ ಹಳೆಯ ಪ್ರತಿ ತೆರೆದೇ ಇದ್ದಿರಬೇಕು.

ಈ ನಡುವೆ ಸಮುದಾಯವೂ ತನ್ನದೊಂದು ಪಟ್ಟಿ ಬರೆಯತೊಡಗಿತ್ತು. ಅದರಲ್ಲಿದ್ದದ್ದು ಪೊಲೀಸರ ಹೆಸರು. ಬೆಂಗಳೂರಿನಲ್ಲಿ 1994ರಿಂದ ಸಲಿಂಗಿಗಳ ‘ಗುಡ್ ಆ್ಯಸ್ ಯು’ ಗುಂಪು ಸೇರುತ್ತಿತ್ತು, 1999ರಲ್ಲಿ ‘ಸಂಗಮ’ ಸಂಸ್ಥೆ ಶುರುವಾಯಿತು. ಮೊದಲನೆಯದು ಹೆಚ್ಚಾಗಿ ಇಂಗ್ಲಿಷ್ ಬಲ್ಲವರ ಕೂಟ. ಎರಡನೆಯದು ಕನ್ನಡ, ತಮಿಳು ಆಡುವ ಹಿಜಡಾ, ಕೋತಿ (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಸಮುದಾಯದ ನಡುವೆ ಬೇರುಬಿಟ್ಟಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ, 2003ರಲ್ಲಿ ಬೆಂಗಳೂರಿನ ಕೋತಿ ಮತ್ತು ಹಿಜಡಾ ಲೈಂಗಿಕ ಕಾರ್ಯಕರ್ತರ ಬಗ್ಗೆ ವರದಿ ತಂದಿತು. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಐಪಿಸಿ 377ರಡಿ ಶಿಕ್ಷೆಯಾದವರು ವಿರಳ. ಆದರೂ ಕಲಂನ ಭಯವೊಂದೇ ಪಾರ್ಕಿನ ಬೆಂಚಿನ ಮೇಲೆ ಕೂತವರ ಜೇಬು ಖಾಲಿ ಮಾಡಿಸಲು ಸಾಕಿತ್ತು ಎಂಬುದು ಈ ವರದಿಗಳಿಂದ ಕಾಗದದ ಮೇಲೆ ಬಂತು.

ದಾಖಲಿಸುವ ಕೆಲಸಕ್ಕೆ ಒಂದು ಶಿಸ್ತು ಬೇಕು. ರಾತ್ರಿ ಯಾರನ್ನೋ ಎತ್ತಿಕೊಂಡು ಹೋದರು ಎಂಬ ಫೋನ್ ಬಂದರೆ ಮೊದಲು ಬರೆದುಕೊಳ್ಳಬೇಕಾದದ್ದು ಯಾವ ಠಾಣೆ, ಎಷ್ಟು ಗಂಟೆ, ಎಲ್ಲಿಂದ, ವಾಹನದ ನಂಬರ್, ಎದೆಯ ಮೇಲಿನ ಹೆಸರು. ಹಿಡಿದ ಹೊತ್ತು ನಿಖರವಾಗಿರಬೇಕು, ಏಕೆಂದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ ಗಡುವು ಅಲ್ಲಿಂದ ಶುರು. ಠಾಣೆಗೆ ಹೋದಾಗ ಹೆಚ್ಚು ಸಲ ಕೆಡುವುದು ಒಂದೇ ಪ್ರಶ್ನೆಯಿಂದ: ‘ನೀವು ಇವರಿಗೆ ಏನಾಗಬೇಕು?’ ಗುರು, ಚೇಲಾ ಎಂಬ ನಂಟು ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ. ಆದರೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ ರಕ್ತಸಂಬಂಧಕ್ಕೆ ಗಂಟು ಬಿದ್ದಿಲ್ಲ. ಸ್ನೇಹಿತರಾಗಲಿ, ಪರಿಚಯದವರಾಗಲಿ, ಬಂಧಿತರ ಹಿತ ಬಯಸುವ ಒಬ್ಬರಿಗೆ ತಿಳಿಸಬೇಕು ಎನ್ನುತ್ತದೆ. ಜಮಾತಿನ, ಅಂದರೆ ಹಿಜಡಾ ಕೂಟದ, ಹಿರಿಯರು ಠಾಣೆಯ ಬಾಗಿಲಲ್ಲಿ ನಿಂತು ಹೇಳಬಹುದಾದ ಮಾತು ಇದೇ. ಹೆಂಗಸರನ್ನು ಸೂರ್ಯಾಸ್ತದ ಮೇಲೆ ಬಂಧಿಸಬಾರದೆಂಬ ರಕ್ಷಣೆ ಮಾತ್ರ ಕಾಗದದಲ್ಲಿ ‘ಗಂಡು’ ಎಂದಿರುವವರಿಗೆ ಸಿಗುವುದಿಲ್ಲ. ಗುರುತಿನ ಚೀಟಿಯ ಬೇಡಿಕೆ ಸಂಭ್ರಮದಿಂದ ಹುಟ್ಟಿದ್ದಲ್ಲ, ಇಂಥ ರಾತ್ರಿಗಳಿಂದ ಹುಟ್ಟಿದ್ದು.

ಇನ್ನೊಂದು ಪಟ್ಟಿ ಎಚ್‌ಐವಿ ತಡೆ ಕಾರ್ಯಕ್ರಮದ್ದು. ಕ್ಷೇತ್ರದಲ್ಲಿ ಅದನ್ನು ‘ಲೈನ್ ಲಿಸ್ಟ್’ ಎನ್ನುತ್ತಾರೆ. ಒಬ್ಬ ಪೀರ್ ಎಜುಕೇಟರ್‌ಗೆ (ಅದೇ ಸಮುದಾಯದಿಂದ ಬಂದ ಕಾರ್ಯಕರ್ತರಿಗೆ) ಸುಮಾರು 60 ಮಂದಿ. ಕಾಂಡೋಮ್, ತಪಾಸಣೆ, ಭೇಟಿಯ ದಿನಾಂಕ ಎಲ್ಲವೂ ಅದರಲ್ಲಿ. ಸಂಘಗಳಿಗೆ ಬಾಡಿಗೆ, ಸಂಬಳ, ಕೂರಲು ಒಂದು ಕೋಣೆ ಸಿಕ್ಕಿದ್ದು ಈ ಹಣದಿಂದಲೇ. ಎಷ್ಟೋ ಮಂದಿಗೆ ಕೊರಳಲ್ಲಿ ನೇತುಹಾಕಿಕೊಂಡ ಮೊದಲ ಗುರುತಿನ ಚೀಟಿಯೂ ಈ ಕೆಲಸದ್ದೇ. ಆದರೆ ‘ಅಪಾಯದ ಗುಂಪು’ ಎಂಬ ಲೆಕ್ಕದೊಳಗೆ ಬರದವರಿಗೆ ಹಣ ಬರಲಿಲ್ಲ. ಹೆಂಗಸರನ್ನು ಪ್ರೀತಿಸುವ ಹೆಂಗಸರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಈ ಪಟ್ಟಿಯಿಂದ ಹೊರಗೇ ಉಳಿದರು. ಸಂಘಟನೆಯಲ್ಲೂ ಅವರ ದನಿ ಬಹುಕಾಲ ಸಣ್ಣದಾಗಿದ್ದುದಕ್ಕೆ ಇದೊಂದು ದೊಡ್ಡ ಕಾರಣ.

ಹೆಸರುಗಳ ಬಗ್ಗೆ ಒಂದು ಮಾತು. ಪತ್ರಿಕೆಗಳು ಗೌರವವೆಂದುಕೊಂಡು ಬಳಸುವ ‘ಮಂಗಳಮುಖಿ’ ಎಲ್ಲರಿಗೂ ಒಗ್ಗುವ ಪದವಲ್ಲ. ಟ್ರಾನ್ಸ್ ಪುರುಷರಿಗಂತೂ ಅದು ಹೊಂದುವುದೇ ಇಲ್ಲ. ಜೋಗಪ್ಪ, ಜೋಗತಿ ಎಂಬುವು ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡವರ ಹೆಸರು, ಹಿಜಡಾ ಜಮಾತಿನ ರೀತಿ ರಿವಾಜು ಬೇರೆ. ‘ಲೈಂಗಿಕ ಅಲ್ಪಸಂಖ್ಯಾತರು’ ಚಳವಳಿಯ ಮಾತಾಗಿ ನೆಲೆಯೂರಿತು. ಸರ್ಕಾರಿ ಕಡತಗಳಲ್ಲಿ ಈಗ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದಿರುತ್ತದೆ. ಯೋಜನೆಯ ಅರ್ಜಿ ತುಂಬುವಾಗ ಈ ವ್ಯತ್ಯಾಸ ಸಣ್ಣದಲ್ಲ: ಮೊದಲನೆಯದು ಯಾರನ್ನು ಪ್ರೀತಿಸುತ್ತೀರಿ ಎಂಬುದನ್ನೂ ಒಳಗೊಳ್ಳುತ್ತದೆ, ಎರಡನೆಯದು ತಾನು ಯಾರು ಎಂಬುದನ್ನಷ್ಟೇ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ ತೀರ್ಪು ಪಟ್ಟಿಯ ದಿಕ್ಕನ್ನೇ ತಿರುಗಿಸಿತು. ಲಿಂಗತ್ವವನ್ನು ತಾನೇ ಘೋಷಿಸಿಕೊಳ್ಳಬಹುದು, ಅದಕ್ಕೆ ಶಸ್ತ್ರಚಿಕಿತ್ಸೆ ಕೇಳುವುದು ಕಾನೂನುಬಾಹಿರ ಎಂದಿತು. ಅದೇ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಈ ಸಮುದಾಯದ ನೂರಕ್ಕೂ ಹೆಚ್ಚು ಜನರನ್ನು ಬೀದಿಯಿಂದ ಎತ್ತಿ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರಕ್ಕೆ ತುಂಬಿದರು. ಕೈಗೆ ಸಿಕ್ಕಿದ್ದು ಭಿಕ್ಷಾಟನೆ ನಿಷೇಧದ 1975ರ ಕಾಯ್ದೆ. ಒಂದು ಕಲಂ ಬಿದ್ದರೆ ಇನ್ನೊಂದು ಸಿದ್ಧವಿರುತ್ತದೆ. 36ಎ ವಿರುದ್ಧ ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟ್ ಮೆಟ್ಟಿಲೇರಿತು. ಪ್ರಕರಣ ನಡೆಯುತ್ತಿರುವಾಗ ಸರ್ಕಾರ ತಿದ್ದುಪಡಿ ತಂದು ‘ಯೂನಕ್’ ಇದ್ದಲ್ಲಿ ‘ವ್ಯಕ್ತಿ’ ಎಂದು ಬರೆಯಿತು. ಸಮುದಾಯದ ಹೆಸರು ಅಳಿಯಿತು, ಅನುಮಾನದ ಮೇಲೆ ಪಟ್ಟಿ ಮಾಡುವ ಚೌಕಟ್ಟು ಅಳಿಯಲಿಲ್ಲ.

ತಾನೇ ಹೆಸರು ಬರೆಸುವ ಪಟ್ಟಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕೇಂದ್ರ ಕಾಯ್ದೆ ಮತ್ತು 2020ರ ನಿಯಮಗಳಿಂದ ಬಂತು. 2020ರ ನಿಯಮ ಹಾಕಿಕೊಟ್ಟ ದಾರಿ ಇದಾಗಿತ್ತು: ನಮೂನೆ 1ರಲ್ಲಿ ಅರ್ಜಿ, ಜೊತೆಗೆ ಲಿಂಗತ್ವ ಘೋಷಿಸುವ ಅಫಿಡವಿಟ್, ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ರಾಷ್ಟ್ರೀಯ ಪೋರ್ಟಲ್ ಮೂಲಕ. ಆ ಜಿಲ್ಲೆಯಲ್ಲಿ 12 ತಿಂಗಳು ಸತತವಾಗಿ ವಾಸವಿರಬೇಕಿತ್ತು. ವೈದ್ಯಕೀಯ ತಪಾಸಣೆ ಕೇಳುವಂತಿರಲಿಲ್ಲ. 30 ದಿನದೊಳಗೆ ಪ್ರಮಾಣಪತ್ರ, ಗುರುತಿನ ಚೀಟಿ. ತಿರಸ್ಕರಿಸಿದರೆ ಕಾರಣ ಬರೆದುಕೊಡಬೇಕಿತ್ತು, ಅದರ ಮೇಲೆ 90 ದಿನದೊಳಗೆ ಮೇಲ್ಮನವಿ. ಇದು ಸಿಗುತ್ತಿದ್ದದ್ದು ‘ಟ್ರಾನ್ಸ್‌ಜೆಂಡರ್’ ಎಂಬ ನಮೂದಿಗೆ. ‘ಗಂಡು’ ಅಥವಾ ‘ಹೆಣ್ಣು’ ಎಂದು ಬರೆಸಬೇಕಾದರೆ ಕಾಯ್ದೆಯ ಏಳನೇ ಕಲಂನಂತೆ ಶಸ್ತ್ರಚಿಕಿತ್ಸೆಯ ಬಗ್ಗೆ ಆಸ್ಪತ್ರೆಯ ಮುಖ್ಯಸ್ಥರ ಪತ್ರ ಬೇಕು. ನಾಲ್ಸಾ ತೆಗೆದುಹಾಕಿದ ಷರತ್ತು ಹಿಂಬಾಗಿಲಿನಿಂದ ಒಳಬಂದದ್ದು ಹೀಗೆ, ಮಸೂದೆಯ ವಿರುದ್ಧ ಬೀದಿಗಿಳಿದವರ ಸಿಟ್ಟೂ ಇದರ ಮೇಲೆಯೇ.

ಅರ್ಜಿ ಸಿಕ್ಕಿಬೀಳುವುದು ಬೇರೆ ಬೇರೆ ಕಡೆ. ಬಾಡಿಗೆ ಕರಾರು ಗುರುವಿನ ಹೆಸರಲ್ಲಿರುತ್ತದೆ, ಹಾಗಾಗಿ ವಾಸದ ಪುರಾವೆ ಇಲ್ಲ. ಆಧಾರ್‌ಗೆ ಊರಿನಲ್ಲಿದ್ದಾಗ ಕೊಟ್ಟ ಮೊಬೈಲ್ ನಂಬರ್ ಅಣ್ಣನ ಕೈಯಲ್ಲಿದೆ, ಒಟಿಪಿ ಅವನಿಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು. ಹೆಸರು ಬದಲಾದರೂ ದಾಖಲೆಯ ಕ್ರಮಸಂಖ್ಯೆ ಹಳೆಯದೇ ಇರಬೇಕೆಂದು ನಿಯಮ ಹೇಳುತ್ತದೆ. ಆದ್ದರಿಂದ ಹಳೆಯ ಅಂಕಪಟ್ಟಿಯ ನಕಲು ಹರಿದು ಎಸೆಯುವುದು ದೊಡ್ಡ ತಪ್ಪು, ಎರಡು ಹೆಸರೂ ಒಬ್ಬರದೇ ಎಂದು ತೋರಿಸುವ ಕೊಂಡಿ ಅದೊಂದೇ. ಎಲ್ಲಕ್ಕಿಂತ ಬಿಗಿಯಾದ ಗಂಟು ಜಾತಿ ಪ್ರಮಾಣಪತ್ರದ್ದು. ಅದಕ್ಕೆ ಅಪ್ಪನ ದಾಖಲೆ ಬೇಕು. ಅಪ್ಪನೇ ಹೊರಗೆ ಹಾಕಿದ್ದರೆ?

ಆ ಗಂಟಿನ ಬೆಲೆ ತಿಳಿಯುವುದು ಮೀಸಲಾತಿಯಲ್ಲಿ. 2020ರಲ್ಲಿ ರಾಜ್ಯ ಪೊಲೀಸ್ ಇಲಾಖೆ ವಿಶೇಷ ಮೀಸಲು ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಜಿ ಕರೆದಾಗ ನಮೂನೆಯಲ್ಲಿ ಗಂಡು, ಹೆಣ್ಣು ಎರಡೇ ಇದ್ದವು. ಸಂಗಮ ಹೈಕೋರ್ಟಿಗೆ ಹೋಯಿತು, ‘ಜೀವ’ ಸಂಸ್ಥೆಯೂ ಜೊತೆಗೂಡಿತು. ಒಂದು ಕಾಲಕ್ಕೆ ಇವರ ಹೆಸರನ್ನು ಅನುಮಾನದ ಪುಸ್ತಕದಲ್ಲಿ ಬರೆಯಲು ಹೊರಟಿದ್ದ ಇಲಾಖೆಯ ಅರ್ಜಿಯಲ್ಲೇ ತಮಗೊಂದು ಕಾಲಂ ಬೇಕೆಂಬ ಹಟ ಅದು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮ ತಿದ್ದಿ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಸಮತಲ ಎಂದರೆ ಎಲ್ಲರನ್ನೂ ಹಿಂದುಳಿದ ವರ್ಗದ ಒಂದೇ ಬುಟ್ಟಿಗೆ ಹಾಕದೆ, ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರತಿ ಹಿಂದುಳಿದ ಪ್ರವರ್ಗದೊಳಗೂ ಶೇ 1 ತೆಗೆದಿಡುವುದು. ದಲಿತ ಟ್ರಾನ್ಸ್ ಅಭ್ಯರ್ಥಿ ತನ್ನ ಜಾತಿಯ ಹಕ್ಕು ಬಿಟ್ಟುಕೊಡಬೇಕಿಲ್ಲ. ಚಳವಳಿ ಕೇಳಿದ್ದೂ ಇದನ್ನೇ.

ಆದರೆ ಲೆಕ್ಕ ಹಾಕಿ ನೋಡಿ. 500 ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17 ಎಂದುಕೊಂಡರೆ 85. ಅದರ ಶೇ 1 ಎಂದರೆ 0.85. ಒಂದು ಪೂರ್ಣ ಹುದ್ದೆ ಬರಬೇಕಾದರೆ ಆ ಪ್ರವರ್ಗವೊಂದರಲ್ಲೇ 100 ಹುದ್ದೆ ಬೇಕು. ಸಣ್ಣ ಇಲಾಖೆಗಳು 30, 40 ಹುದ್ದೆ ಕರೆಯುವಾಗ ಕಾಲಂ ಇರುತ್ತದೆ, ಕುರ್ಚಿ ಇರುವುದಿಲ್ಲ. ಅರ್ಹರು ಸಿಗದಿದ್ದರೆ ಹುದ್ದೆ ಅದೇ ಪ್ರವರ್ಗದ ಗಂಡಿಗೋ ಹೆಣ್ಣಿಗೋ ಹೋಗುತ್ತದೆ. ಎಸ್ಸೆಸ್ಸೆಲ್ಸಿಗೆ ಮೊದಲೇ ಶಾಲೆಯಿಂದ ಹೊರಬಿದ್ದವರಲ್ಲಿ ‘ಅರ್ಹರು ಸಿಗಲಿಲ್ಲ’ ಎಂದು ಷರಾ ಬರೆಯುವುದು ಕಷ್ಟವಲ್ಲ.

ಈ ಕಾಗದದ ಸರಣಿಯಲ್ಲಿ ಕೊನೆಗೆ ಉಳಿದದ್ದು ಮೊದಲ ಕಾಗದ. ಜನನ ಮರಣ ನೋಂದಣಿಯ 1969ರ ಕಾಯ್ದೆಯಲ್ಲಿ ತಪ್ಪು ತಿದ್ದಲು ಅವಕಾಶವಿದೆ, ಬದಲಾದದ್ದನ್ನು ಬರೆಯಲು ಇಲ್ಲ. ಹುಟ್ಟಿದಾಗ ಬರೆದದ್ದು ಆಗಿನ ಮಟ್ಟಿಗೆ ತಪ್ಪಲ್ಲವಲ್ಲ ಎಂಬುದು ರಿಜಿಸ್ಟ್ರಾರರ ವಾದ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕಾಯ್ದೆ ತಿದ್ದುಪಡಿಯಾಗುವವರೆಗೆ 2019ರ ಕಾಯ್ದೆಯಡಿಯ ಪ್ರಮಾಣಪತ್ರ ಆಧರಿಸಿ ಹೊಸ ಜನನ ಪತ್ರ ಕೊಡಬೇಕೆಂದು ಹೇಳಿತು. ಆ ಪತ್ರದಲ್ಲಿ ಹಳೆಯ ಹೆಸರು, ಲಿಂಗದ ಜೊತೆ ಹೊಸದೂ ಇರಬೇಕು. ಅಂಕಪಟ್ಟಿಗೂ ಆಧಾರ್‌ಗೂ ಕೊಂಡಿ ಬೇಕಾದವರಿಗೆ ಇದು ವರ. ಊರು ಬಿಟ್ಟು ಹತ್ತು ವರ್ಷವಾಗಿ, ಹೊಸ ಕೆಲಸದ ಕಚೇರಿಯಲ್ಲಿ ಯಾರಿಗೂ ಹೇಳದೆ ಬದುಕುತ್ತಿರುವವರು ಮಾತ್ರ ಅದನ್ನು ಕೌಂಟರಿನಲ್ಲಿ ಕೊಡುವ ಮುನ್ನ ಅತ್ತಿತ್ತ ನೋಡಬೇಕಾಗುತ್ತದೆ.