ಖಾಲಿ ಆಕಾಶದಲ್ಲಿ ನೋಡೋದೇನಿದೆ?

ಪ್ರಶ್ನೆ: ನೀರು, ಆಕಾಶ ಬಿಟ್ಟರೆ ಬೇರೇನೂ ಇಲ್ಲದ ಚಿತ್ರದ ಮುಂದೆ ನಿಂತಾಗ ಮನಸ್ಸು ಭಾರವಾಗುತ್ತದೆ. ಆ ಭಾವ ಚಿತ್ರದಲ್ಲೇ ಇರುತ್ತದೋ, ನಾವು ಕಲ್ಪಿಸಿಕೊಳ್ಳುತ್ತೇವೋ?

ಉತ್ತರ: ಬಹುಪಾಲು ಚಿತ್ರದಲ್ಲೇ ಇರುತ್ತದೆ. ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲೂಬಹುದು.

ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿರುವ ‘ಕಡಲ ತೀರದ ಸನ್ಯಾಸಿ’ಯನ್ನೇ ತೆಗೆದುಕೊಳ್ಳಿ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1808ರಿಂದ 1810ರ ನಡುವೆ ತಿದ್ದಿ ತಿದ್ದಿ ಮುಗಿಸಿದ ತೈಲಚಿತ್ರ. ಅಗಲ ಸುಮಾರು 171 ಸೆಂ.ಮೀ., ಎತ್ತರ 110. ಕೆಳಗೆ ಬಿಳಿಚಿಕೊಂಡ ಮರಳದಿಬ್ಬ, ಅದರಾಚೆ ಕಪ್ಪು ಪಟ್ಟಿಯಂಥ ಕಡಲು. ಮಿಕ್ಕಿದ್ದೆಲ್ಲ ಆಕಾಶ. ದಿಬ್ಬದ ಮೇಲೆ, ನಡುವಿಗಿಂತ ತುಸು ಎಡಕ್ಕೆ, ನಮಗೆ ಬೆನ್ನು ಹಾಕಿ ನಿಂತ ಒಬ್ಬ ಪುಟ್ಟ ಮನುಷ್ಯ.

ಇನ್‌ಫ್ರಾರೆಡ್ ಪರೀಕ್ಷೆ ಮಾಡಿದಾಗ ಬಣ್ಣದಡಿಯಲ್ಲಿ ಹಡಗುಗಳು ಕಂಡವು. ಮೊದಲು ಬರೆದಿದ್ದವನ್ನು ಫ್ರೀಡ್ರಿಕ್ ತಾನೇ ಮುಚ್ಚಿಹಾಕಿದ್ದ! ನನಗೆ ಈ ಚಿತ್ರದ ಗುಟ್ಟೆಲ್ಲ ಇಲ್ಲೇ ಇದೆ ಅನ್ನಿಸುತ್ತದೆ. ಹಡಗೊಂದಿದ್ದರೆ ಕಣ್ಣಿಗೆ ಕೆಲಸ ಸಿಗುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಅಂತ ಕತೆ ಹುಟ್ಟುತ್ತದೆ, ಕಡಲು ಎಷ್ಟು ದೂರ ಹಬ್ಬಿದೆ ಅನ್ನೋ ಅಂದಾಜೂ ಸಿಗುತ್ತದೆ. ಹಡಗು ಹೋಯಿತು, ಕತೆಯೂ ಹೋಯಿತು. ಎರಡೂ ಅಂಚಿನಲ್ಲಿ ನೋಟವನ್ನು ತಡೆದು ನಿಲ್ಲಿಸಲು ಒಂದು ಮರವೂ ಇಲ್ಲ, ಬಂಡೆಯೂ ಇಲ್ಲ. ಕಣ್ಣು ಅಲೆಯುತ್ತದೆ, ಕೂರಲು ಜಾಗ ಸಿಗುವುದಿಲ್ಲ. 1810ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ನೋಡಿದ ಲೇಖಕ ಕ್ಲೈಸ್ಟ್, ಕಣ್ಣಿನ ರೆಪ್ಪೆಯನ್ನೇ ಕತ್ತರಿಸಿದ ಹಾಗಾಗುತ್ತದೆ ಎಂಬರ್ಥದಲ್ಲಿ ಬರೆದ. ಆಗಿನ ಜರ್ಮನ್ ರಾಜ್ಯವಾದ ಪ್ರಶ್ಯದ ರಾಜ ಮಾತ್ರ ಚಿತ್ರವನ್ನು ಕೊಂಡುಕೊಂಡ.

ದಿಗಂತ ತೀರಾ ಕೆಳಗಿರುವುದು ಇನ್ನೊಂದು ಕಾರಣ. ಮಲ್ಪೆಗೆ ಹೋದಾಗ ನಾವು ತೆಗೆಯುವ ಫೋಟೋಗಳಲ್ಲಿ ಅದು ಸಾಮಾನ್ಯವಾಗಿ ನಟ್ಟನಡುವೆ ಇರುತ್ತದೆ. ನೀರಿಗೂ ಬಾನಿಗೂ ಸಮಪಾಲು, ನೋಡೋಕೆ ನೆಮ್ಮದಿ. ಇಲ್ಲಿ ಆಕಾಶದ ಭಾರ ಪೂರ್ತಿ ಆ ತೆಳ್ಳನೆ ಕಡಲಿನ ಮೇಲೆ ಬಿದ್ದಿದೆ.

ಫ್ರೀಡ್ರಿಕ್‌ಗೆ 13 ವರ್ಷವಾಗಿದ್ದಾಗ ಅವನ ತಮ್ಮ ನೀರಿನಲ್ಲಿ ಮುಳುಗಿ ತೀರಿಕೊಂಡ. ಚಿತ್ರದ ಕಡಲಿಗೆ ಆ ಸಾವನ್ನು ಗಂಟುಹಾಕುವವರು ಇದ್ದಾರೆ. ಇರಬಹುದು. ಆದರೆ ಈ ಸಂಗತಿ ಗೊತ್ತಿಲ್ಲದವರ ಮನಸ್ಸೂ ಭಾರವಾಗುತ್ತದಲ್ಲ?

ಫೋನಿನಲ್ಲಿ ಚಿತ್ರ ತೆರೆದು ಆ ಸನ್ಯಾಸಿಯನ್ನು ಕಿರುಬೆರಳಿನಿಂದ ಮುಚ್ಚಿ ನೋಡಿ. ಆಕಾಶ ಬರೀ ಬೂದು-ನೀಲಿ ಬಣ್ಣವಾಗಿಬಿಡುತ್ತದೆ. ಬೆರಳು ತೆಗೆದ ಕೂಡಲೇ ಮತ್ತೆ ಅಷ್ಟು ದೊಡ್ಡದಾಗುತ್ತದೆ.