ಮನೆ ಮುಂದೆ ಹೊಸ ರಸ್ತೆ ಬಂದರೆ ಮನೆ ಬೆಲೆ ಏರುತ್ತಾ?

ಓದುಗರ ಪ್ರಶ್ನೆ: ಶಿವಮೊಗ್ಗದ ಹೊರಗೆ, ಅಬ್ಬಲಗೆರೆ ಕಡೆ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಈಗ ಪಂಚಾಯಿತಿಯವರು ರಸ್ತೆ, ಚರಂಡಿ ಮಾಡಿಸುತ್ತಿದ್ದಾರೆ. ಇದರಿಂದ ನಮ್ಮ ಮನೆ ಬೆಲೆ ಏರುತ್ತಾ? ಇಲ್ಲ ಕಂದಾಯ ಜಾಸ್ತಿಯಾಗಿ ನಮಗೇ ಲಾಸಾ?

ಸಾಮಾನ್ಯವಾಗಿ ಏರುತ್ತದೆ. ಆದರೆ ಪಂಚಾಯಿತಿ ಹತ್ತು ಲಕ್ಷ ಸುರಿದರೆ ಮನೆಗಳ ಬೆಲೆಗೂ ಹತ್ತು ಲಕ್ಷ ಸೇರುತ್ತದೆ ಅಂತೇನಿಲ್ಲ. ಕೆಲವು ಕಾಮಗಾರಿಯಿಂದ ಬೆಲೆ ಬೀಳುವುದೂ ಉಂಟು.

ಮನೆ ನೋಡಲು ಬಂದವರು ಬಿಲ್ ಎಷ್ಟಾಯಿತು ಅಂತ ಕೇಳುವುದಿಲ್ಲ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಕಸದ ಗಾಡಿ ಬರುತ್ತಾ, ಮಳೆಗಾಲದಲ್ಲಿ ಗೇಟಿನ ಹತ್ತಿರ ನೀರು ನಿಲ್ಲುತ್ತಾ, ಇಷ್ಟೇ ಕೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಅಂಕಿ ಬರೀ ಉದಾಹರಣೆಗೆ. ಟ್ಯಾಂಕರ್ ನೀರಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದಿರಿ ಅಂತಿಟ್ಟುಕೊಳ್ಳಿ. ನಲ್ಲಿ ನೀರು ಸರಿಯಾಗಿ ಬಂದರೆ ವರ್ಷಕ್ಕೆ 6,000 ರೂಪಾಯಿ ಉಳಿಯಿತು. ಶೇ 8ರ ಬಡ್ಡಿಯಲ್ಲಿ ನೋಡಿದರೆ ವರ್ಷಕ್ಕೆ ಅಷ್ಟು ಬಡ್ಡಿ ಬರಲು 75,000 ರೂಪಾಯಿ ಅಸಲು ಬೇಕು. ಕೊಳ್ಳುವವರು ಹೆಚ್ಚುಕಡಿಮೆ ಅಷ್ಟನ್ನು ಮನೆಗೆ ಸೇರಿಸಿ ಕೊಟ್ಟಾರು. ಇದೇ ಹೊತ್ತಿಗೆ ಕಂದಾಯ ವರ್ಷಕ್ಕೆ 1,000 ರೂಪಾಯಿ ಏರಿತು ಅನ್ನಿ. ಅದೇ ಲೆಕ್ಕದಲ್ಲಿ 12,500 ರೂಪಾಯಿ ಕಳೆಯಬೇಕು. ಆದರೂ ನಿಮಗೇ ಲಾಭ. ಕಂದಾಯ ಏರಿಯೂ ನೀರು ಬರದಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು.

ಈ ವಿಷಯದಲ್ಲಿ ಹೆಸರಾದ ಅಧ್ಯಯನ ಅಮೆರಿಕದ್ದು. 1969ರಲ್ಲಿ ವ್ಯಾಲೇಸ್ ಓಟ್ಸ್ ಎಂಬ ಅರ್ಥಶಾಸ್ತ್ರಜ್ಞ ನ್ಯೂಜೆರ್ಸಿಯ 53 ಊರುಗಳ ಲೆಕ್ಕ ತೆಗೆದರು. ತೆರಿಗೆ ಜಾಸ್ತಿ ಇದ್ದಲ್ಲಿ ಮನೆ ಬೆಲೆ ಕಡಿಮೆ, ಶಾಲೆಗೆ ಜಾಸ್ತಿ ಖರ್ಚು ಮಾಡುವಲ್ಲಿ ಬೆಲೆ ಜಾಸ್ತಿ ಅಂತ ಕಂಡಿತು. ಅಲ್ಲಿ ಸ್ಥಳೀಯ ಶಾಲೆ ನಡೆಯುವುದೇ ಬಹುಪಾಲು ಮನೆ ತೆರಿಗೆಯಿಂದ. ನಮ್ಮಲ್ಲಿ ಹಾಗಲ್ಲ. ಸರ್ಕಾರಿ ಶಾಲೆ, ಪೊಲೀಸ್ ಠಾಣೆ, ದೊಡ್ಡಾಸ್ಪತ್ರೆ ಬಹುಪಾಲು ರಾಜ್ಯ ಸರ್ಕಾರದ ದುಡ್ಡಲ್ಲಿ ನಡೆಯುತ್ತವೆ. ಪಂಚಾಯಿತಿ, ಪಾಲಿಕೆಯ ಪಾಲಿಗೆ ಉಳಿಯುವುದು ನೀರು, ಚರಂಡಿ, ಬೀದಿ ದೀಪ, ಕಸ, ಒಳರಸ್ತೆ. ಪಂಚಾಯಿತಿ ಕೆಲಸಕ್ಕೂ ಹೆಚ್ಚಿನ ದುಡ್ಡು ಮೇಲಿನಿಂದಲೇ ಬರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುನಿಟ್ಟಾಗಿತ್ತು. ಹಾಗಾಗಿ ನಿಮ್ಮ ಮುಂದಿನ ಚರಂಡಿಗೆ ನಿಮ್ಮ ಕಂದಾಯದಿಂದ ಹೋಗಿದ್ದು ಸ್ವಲ್ಪವೇ ಇರಬಹುದು.

ಈಗ ಮಲೆನಾಡಿನ ಮಾತಿಗೆ ಬರೋಣ. ಇಲ್ಲಿ ನಾನು ಮೊದಲು ನೋಡುವುದು ಚರಂಡಿಯನ್ನು, ಆಮೇಲೆ ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ ಅಲ್ವಾ? ಹಳೇ ರಸ್ತೆ ಅಗೆಯದೆ ಅದರ ಮೇಲೇ ಜಲ್ಲಿ ಹಾಕಿ, ಕಾಂಕ್ರೀಟ್ ಸುರಿದು ಹೋಗುತ್ತಾರೆ. ಪ್ರತಿ ಸಲ ರಸ್ತೆ ನಾಲ್ಕಾರು ಇಂಚು ಮೇಲೇರುತ್ತದೆ. ಎರಡು ಸಲ ಹೀಗಾದರೆ ಗೇಟಿನ ರ‍್ಯಾಂಪ್ ರಸ್ತೆಯಿಂದ ಮೇಲಕ್ಕೆ ಹತ್ತುವ ಬದಲು ಕೆಳಕ್ಕೆ ಇಳಿಯುತ್ತದೆ. ಸಂಪಿನ ಮುಚ್ಚಳ ರಸ್ತೆಗಿಂತ ತಗ್ಗು. ರಸ್ತೆಯ ಕೆಸರು ನೀರು ಕಾಂಪೌಂಡಿನೊಳಗೆ ಬಂದು ಸಂಪಿಗೇ ಇಳಿಯುತ್ತದೆ. ರಸ್ತೆ ನೋಡಲು ಥಳಥಳ, ಮನೆ ಮಾತ್ರ ಗುಂಡಿಯಲ್ಲಿ. ಕೊಳ್ಳುವವರು ಬುದ್ಧಿವಂತರಾದರೆ ಸಂಪು, ತಳಪಾಯ ಎತ್ತರಿಸುವ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಯೇ ಕೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ತುಂಗಾ ತೀರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಂತೂ ಇದನ್ನು ಕೇಳದೆ ಬಿಡುವುದಿಲ್ಲ.

ಆದ್ದರಿಂದ ಕೆಲಸ ನಡೆಯುವಾಗಲೇ ಎಂಜಿನಿಯರ್ ಹತ್ತಿರ ಎರಡು ಮಾತು ಕೇಳಿ. ರಸ್ತೆ ಮಟ್ಟ ಎಲ್ಲಿಗೆ ಬರುತ್ತೆ? ಚರಂಡಿ ಎಲ್ಲಿಗೆ ಹೋಗಿ ಸೇರುತ್ತೆ? ಕೊನೆಯೇ ಇಲ್ಲದ ಚರಂಡಿ ಸೊಳ್ಳೆ ಸಾಕಲು ಮಾತ್ರ ಸರಿ.

ದಾಖಲೆಯ ವಿಷಯವೂ ಇದೆ. ಬಡಾವಣೆ ಮಾಡಿದವರು ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡದಿದ್ದರೆ ಪಾರ್ಕು, ದೀಪಕ್ಕೆ ಯಾರೂ ದುಡ್ಡು ಹಾಕುವುದಿಲ್ಲ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಿಮ್ಮದು 11ಎ ನಮೂನೆಯ (ಅನುಮೋದನೆ ಇರುವ ಆಸ್ತಿ) ಬದಲು 11ಬಿ (ಅನುಮೋದನೆ ಇಲ್ಲದ್ದು) ಆಗಿದ್ದರೆ ಬ್ಯಾಂಕಿನವರು ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ. ಮುಂದೆ ಎಂಥಾ ರಸ್ತೆ ಬಂದರೂ ಕೊಳ್ಳುವವರು ಕಡಿಮೆಯೇ.

ಸುದ್ದಿಯ ಬೆಲೆಯೇ ಬೇರೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ವಿಮಾನ ಹಾರಿದ್ದು ಆಗಸ್ಟ್ 31ಕ್ಕೆ. ಅದು ಪಾಲಿಕೆಯ ಖರ್ಚೂ ಅಲ್ಲ. ಆದರೆ ಇಂಥ ದೊಡ್ಡ ಯೋಜನೆಯ ಸುದ್ದಿ ಬಂದ ಕೂಡಲೇ ಸೈಟು ಮಾರುವವರು ಅದನ್ನು ಬೆಲೆಗೆ ಸೇರಿಸಿಬಿಡುತ್ತಾರೆ. ಕೆಲಸ ಮುಗಿದ ಮೇಲೆ ಕೊಂಡವರಿಗೆ ಲಾಭ ಉಳಿದಿರುವುದು ಅಪರೂಪ. ಊರ ಅಂಚಿನಲ್ಲಿ ಇನ್ನೂ ಒಂದು ತೊಡಕಿದೆ. ಪಕ್ಕದಲ್ಲಿ ಗದ್ದೆ, ಖಾಲಿ ಜಾಗ ಬೇಕಾದಷ್ಟಿದೆ. ಸೌಕರ್ಯ ಬಂದರೆ ಹೊಸ ಲೇಔಟ್‌ಗಳೂ ಬರುತ್ತವೆ, ನಿಮ್ಮ ಮನೆಗೆ ಪೈಪೋಟಿ ಶುರು. ವಿನೋಬನಗರದಂಥ ತುಂಬಿದ ಬಡಾವಣೆಗೆ ಈ ಕಾಟ ಕಡಿಮೆ.

ಇನ್ನು ಕಂದಾಯ. ಪಾಲಿಕೆ ವ್ಯಾಪ್ತಿಯಲ್ಲಿ ಅದನ್ನು ಮಾರ್ಗಸೂಚಿ ಬೆಲೆಗೆ, ಅಂದರೆ ನೋಂದಣಿಗಾಗಿ ಸರ್ಕಾರ ನಿಗದಿ ಮಾಡುವ ಆಸ್ತಿ ಬೆಲೆಗೆ, ಕಟ್ಟಿಹಾಕಿದ್ದಾರೆ. ರಾಜ್ಯದಲ್ಲಿ ಆ ಬೆಲೆ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಗಿದೆ. ನಾಳೆ ನಿಮ್ಮ ಊರು ಪಾಲಿಕೆಗೆ ಸೇರಿದರೆ ಕಂದಾಯ ಏರುವುದು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಒಳಚರಂಡಿ ಬರುವುದು ಯಾವಾಗ ಅನ್ನುವುದು ಬೇರೆ ಪ್ರಶ್ನೆ. ಮನೆ ಮಾರುವ ಯೋಚನೆ ಇಲ್ಲದವರಿಗೆ ಏರಿದ ಬೆಲೆ ಕಾಗದದ ಮೇಲೆ ಮಾತ್ರ. ಕಂದಾಯ ಮಾತ್ರ ವರ್ಷ ವರ್ಷ ಕೈಯಿಂದ ಹೋಗುತ್ತದೆ. ಮಾರುವುದೇ ಇದ್ದರೆ ಚರಂಡಿ ಮುಗಿದು ಒಂದು ಮಳೆಗಾಲ ಕಳೆಯಲಿ. ಆಮೇಲೆ ಮುಂದಿನ ಮಳೆಗಾಲದ ಜುಲೈ ತಿಂಗಳಲ್ಲೇ ಜನರನ್ನು ಕರೆದು ಮನೆ ತೋರಿಸಿ.